ಹಳೆಯ ಕೋವಿಗೆ ಹೊಸ ಚರೆ

ದೊಡ್ಡಪ್ಪನ ಜೋಡುನಳಿಗೆ ಕೋವಿ ಪರವಾನಗಿ ವರ್ಗವಾಗಿ ನನ್ನ ಕೈಗೆ ಬಂದಾಗ ಅದರ ಪೆಟ್ಟಿಗೆಯಲ್ಲಿ ಅರ್ಧ ಡಬ್ಬಿ ಸೀಸದ ತೋಟಾಗಳೂ ಇದ್ದವು. ಕಾಗದದ ಕವಚ ತೇವಕ್ಕೆ ಉಬ್ಬಿಕೊಂಡು, ಹಿತ್ತಾಳೆಯ ತಳ ಹಸಿರುಗಟ್ಟಿದ್ದ ಅವುಗಳನ್ನು ಹಾರಿಸುವ ಮಾತೇ ಇರಲಿಲ್ಲ. ಅದಲ್ಲದೆ, ಕೆರೆ ಕೊಳಗಳ ಅಂಚಿನಲ್ಲಿ ಸೀಸದ ಚರೆಯನ್ನು (ತೋಟಾದೊಳಗಿನ ಸಣ್ಣ ಗುಂಡುಗಳನ್ನು) ಚೆಲ್ಲಬಾರದು ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೆ. ಹಾಗಾಗಿ ಸೀಸವಿಲ್ಲದ ತೋಟಾ ಕೇಳಿ ಪಡೆದು ತಂದೆ. ಡಬ್ಬಿಯ ಮೇಲೆ 12 ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ) ಎಂದಿತ್ತು, ಕೋವಿಯೂ 12 ಬೋರಿನದೇ. ಮನೆಯಲ್ಲಿ ಕೋವಿ ಮಡಿಸಿ ಒಂದು ತೋಟಾವನ್ನು ನಳಿಗೆಯ ಹಿಂತುದಿಯಲ್ಲಿ ಅದು ಕೂರುವ ಗೂಡಿನೊಳಗೆ ಇಳಿಸಿ ನೋಡಿದೆ; ಎಲ್ಲಿಯೂ ತಡೆಯದೆ ಒಳಗೆ ಕೂತಿತು, ಕೋವಿ ಸಲೀಸಾಗಿ ಮುಚ್ಚಿಕೊಂಡಿತು. ಇಷ್ಟು ಸಾಕು ಎಂದು ಆ ದಿನ ನಂಬಿದ್ದೆ. ಹಲವು ವರ್ಷ ಪೆಟ್ಟಿಗೆಯಲ್ಲೇ ಕಳೆದ ಕೋವಿಯ ಸ್ಪ್ರಿಂಗುಗಳನ್ನು ಒಮ್ಮೆ ತೋರಿಸೋಣವೆಂದು ವಯಸ್ಸಾದ ಕೋವಿ ಕೆಲಸಗಾರರೊಬ್ಬರ ಬಳಿಗೆ ಹೋಗದಿದ್ದರೆ ಆ ತೋಟಾವನ್ನು ಹಾರಿಸಿಯೇಬಿಡುತ್ತಿದ್ದೆ.

ಅವರು ಸ್ಪ್ರಿಂಗಿನ ಕಡೆ ತಿರುಗಿಯೂ ನೋಡಲಿಲ್ಲ. ನಳಿಗೆಗಳನ್ನು ಬಿಚ್ಚಿ, ಮಗುಚಿ, ತಳದ ಚಪ್ಪಟೆ ಭಾಗವನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಭೂತಗನ್ನಡಿಯನ್ನು ನನ್ನ ಕೈಗಿತ್ತು, “ಏನು ಬರೆದಿದೆ, ನೀವೇ ಓದಿ” ಎಂದರು. ಮಸುಕಾಗಿದ್ದರೂ ಓದಲು ಬರುತ್ತಿದ್ದ ಮುದ್ರೆಗಳು ಅಲ್ಲಿದ್ದವು: ಬೋರನ್ನು ತಿಳಿಸುವ 12, ಅದರ ಪಕ್ಕದಲ್ಲಿ ಎರಡೂವರೆ ಇಂಚು ಎಂಬ ಅಳತೆ, ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎಂದು ತಿಳಿಸುವ ನೈಟ್ರೋ ಪ್ರೂಫ್ ಎಂಬ ಪದಗಳು, ಚದರ ಇಂಚಿಗೆ 3 ಟನ್ ಎಂಬ ಒತ್ತಡದ ಮಿತಿ. ನಾನು ತಂದಿದ್ದ ತೋಟಾ 70 ಮಿಲಿಮೀಟರಿನದು, ಅಂದರೆ ಎರಡೂಮುಕ್ಕಾಲು ಇಂಚಿನದು. ಈ ಕೋವಿಯ ಗೂಡು ಇರುವುದು 65 ಮಿಲಿಮೀಟರಿಗೆ. ಹಾಗಾದರೆ ಅದು ಒಳಗೆ ಹೋದದ್ದು ಹೇಗೆ ಎಂದು ಕೇಳಿದೆ. ತೋಟಾದ ಮೇಲೆ ಬರೆದಿರುವ ಉದ್ದ ಹಾರಿಸಿದ ಮೇಲಿನ ಉದ್ದ, ಹಾರಿಸುವ ಮುಂಚಿನದಲ್ಲ ಎಂದು ಅವರು ತಿಳಿಸಿದರು. ಬಾಯಿ ಮಡಿಸಿದ ತೋಟಾ ಗಿಡ್ಡವಾಗಿರುವುದರಿಂದ ಚಿಕ್ಕ ಗೂಡಿನಲ್ಲೂ ಕೂರುತ್ತದೆ. ಈಡು ಹೊಡೆದ ಗಳಿಗೆಯಲ್ಲಿ ಆ ಮಡಿಕೆ ಬಿಚ್ಚಿಕೊಳ್ಳಬೇಕು; ಆದರೆ ಬಿಚ್ಚಿಕೊಳ್ಳಲು ಅಲ್ಲಿ ಜಾಗವಿರುವುದಿಲ್ಲ. ಗೂಡು ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನೊಳಕ್ಕೆ ಅದರ ಅಂಚು ನುಗ್ಗಿ, ಚರೆ ಹಾಯಬೇಕಾದ ದಾರಿಯನ್ನು ಬಿಗಿಯುತ್ತದೆ. ಹಿಂದೆ ಉರಿಯುತ್ತಿರುವ ಮದ್ದಿನ ಒತ್ತಡ ಆಗ ಮಿತಿ ಮೀರಿ ಏರುತ್ತದೆ.

ಮದ್ದು, ಚರೆ, ಚೋಕು (ನಳಿಗೆಯ ಬಾಯಿಯ ಬಳಿಯ ಬಿಗಿತ) ಎಲ್ಲಕ್ಕಿಂತ ಮೊದಲು ಈ ಒಂದು ಸಂಗತಿ ಹಳೆಯ ಕೋವಿ ಇಟ್ಟುಕೊಂಡ ಪ್ರತಿಯೊಬ್ಬರಿಗೂ ತಿಳಿದಿರಬೇಕು ಎಂದು ನನಗೆ ಅನಿಸುತ್ತದೆ. ಯಾವ ಲೋಹದ ಚರೆ ಎಂಬ ಪ್ರಶ್ನೆ ಬರುವುದು ಆಮೇಲೆ. ಗೂಡಿನ ಉದ್ದ, ಪ್ರೂಫ್ ಮುದ್ರೆ, ನಳಿಗೆಯ ಗೋಡೆಯ ದಪ್ಪ ಇವು ಮೂರೂ ಗೊತ್ತಿಲ್ಲದೆ ತೋಟಾ ಆರಿಸುವುದು, ಕಾಯಿಲೆ ಏನೆಂದು ತಿಳಿಯದೆ ಔಷಧಿ ನುಂಗಿದಂತೆ.

ಪ್ರೂಫ್ ಎಂದರೆ ಕೋವಿ ಮಾರಾಟಕ್ಕೆ ಹೋಗುವ ಮುಂಚೆ, ಅದು ಬಳಕೆಯಲ್ಲಿ ಎಂದೂ ಎದುರಿಸಬಾರದಷ್ಟು ಒತ್ತಡದ ತೋಟಾವನ್ನು ಬೇಕೆಂದೇ ಹಾರಿಸಿ, ತಡೆದುಕೊಂಡದ್ದಕ್ಕೆ ಮಾತ್ರ ಮುದ್ರೆ ಒತ್ತುವ ಪರೀಕ್ಷೆ. ಲಂಡನ್ನಿನಲ್ಲಿ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ಸನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಮನೆ 1813ರ ಕಾಯಿದೆಯಿಂದ ಹುಟ್ಟಿತು. ಹಳೆಯ ಬೆಲ್ಜಿಯಂ ಕೋವಿಗಳ ಮೇಲೆ ಲಿಯೇಜ್ ಪಟ್ಟಣದ ಪ್ರೂಫ್ ಮನೆಯ ಮುದ್ರೆಗಳಿರುತ್ತವೆ. ಪ್ರತಿ ಕಾಲದ ಮುದ್ರೆಗೂ ಬೇರೆ ಭಾಷೆ. ಕೆಲವದರ ಮೇಲೆ ಒತ್ತಡ ಟನ್ನುಗಳಲ್ಲಿದ್ದರೆ, ಈಚಿನವುಗಳ ಮೇಲೆ ಬಾರ್ ಎಂಬ ಮಾನದಲ್ಲಿದೆ. ಅದಕ್ಕೂ ಹಳೆಯವುಗಳ ಮೇಲೆ ಒತ್ತಡವನ್ನು ಬರೆಯದೆ, ಎಷ್ಟು ಔನ್ಸ್ ಚರೆ ತಾಳಬಲ್ಲದು ಎಂದಷ್ಟೇ ಬರೆದಿದ್ದಾರೆ. ಎಲ್ಲಿಯೂ ನೈಟ್ರೋ ಮುದ್ರೆ ಕಾಣದಿದ್ದರೆ ಆ ಕೋವಿ ಕರಿಮದ್ದಿಗೆ ಮಾತ್ರ ಪರೀಕ್ಷೆಯಾಗಿರುವ ಸಂಭವ ಹೆಚ್ಚು. ಹೊಗೆಯಿಲ್ಲದ ಇಂದಿನ ಮದ್ದಿನ ತೋಟಾ ಅದಕ್ಕೆ ಸಲ್ಲದು. ಚರೆ ಸೀಸದ್ದೋ, ಅದರ ಬದಲಿಗೆ ಬಳಸುವ ಬಿಸ್ಮತ್ ಎಂಬ ಲೋಹದ್ದೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ಹುರಿಗೊಳಿಸಿ, ಸಲಾಕೆಯೊಂದಕ್ಕೆ ಸುತ್ತಿ, ಬಡಿದು ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಮೇಲ್ಮೈಯಲ್ಲಿ ಹಾವಿನ ಪೊರೆಯಂಥ ಚೆಲುವಾದ ಚಿತ್ತಾರ ಕಾಣುತ್ತಿರುವಾಗಲೇ, ಒಳಗೆ ಬೆಸುಗೆಯ ಗೆರೆಗುಂಟ ತುಕ್ಕು ತಿಂದಿರಬಹುದು. ಇಂಥ ನಳಿಗೆಗಳಲ್ಲಿ ಕೆಲವು ನೈಟ್ರೋ ಪರೀಕ್ಷೆಯಲ್ಲೂ ಗೆದ್ದಿವೆ, ನಿಜ. ಆದರೂ ಅವುಗಳಲ್ಲಿ ಉಕ್ಕಿನ ಚರೆ ಹಾರಿಸಕೂಡದು ಎಂಬ ಮಾತಿನಲ್ಲಿ ನನಗೆ ಯಾವ ಹಿಂಜರಿಕೆಯೂ ಇಲ್ಲ.

ಸೀಸ ಬೇಡವೇಕೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಹಕ್ಕಿಗೆ ಹಲ್ಲಿಲ್ಲ, ನುಂಗಿದ ಕಾಳನ್ನು ಅರೆಯಲು ಅದು ಸಣ್ಣ ಸಣ್ಣ ಹರಳುಗಳನ್ನು ಹೆಕ್ಕಿ ನುಂಗಿ, ಬಲವಾದ ಸ್ನಾಯುಗಳ ಜಠರದಲ್ಲಿ ಇಟ್ಟುಕೊಳ್ಳುತ್ತದೆ. ಕೆಸರಿನಲ್ಲಿ ಬಿದ್ದಿರುವ ಸೀಸದ ಚರೆ ಅದರ ಕಣ್ಣಿಗೆ ಕಾಳು, ಇಲ್ಲವೇ ಹರಳು. ಆ ಜಠರದಲ್ಲಿ ಚರೆ ತೇಯುತ್ತಾ, ಆಮ್ಲದಲ್ಲಿ ಕರಗುತ್ತಾ ರಕ್ತಕ್ಕೆ ಸೇರುತ್ತದೆ. ಒಂದೆರಡು ಚರೆಗಳು ಸಾಕು, ಬಾತುಕೋಳಿಯೊಂದು ರೆಕ್ಕೆ ಜೋತುಬಿದ್ದು, ಕತ್ತೆತ್ತಲಾರದೆ, ಜೊಂಡಿನ ಮರೆಯಲ್ಲಿ ಸಾಯಲು. 6ನೇ ನಂಬರಿನ ಚರೆಯ ಒಂದು ತೋಟಾದಲ್ಲಿ ಇನ್ನೂರಕ್ಕೂ ಹೆಚ್ಚು ಚರೆಗಳಿರುತ್ತವೆ. ಗುರಿ ತಾಗಿದಾಗಲೂ ಹಕ್ಕಿಯ ಮೈಗೆ ಹೊಗುವುದು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ನೀರಿಗೆ, ಮಣ್ಣಿಗೆ. ಅಮೆರಿಕದ ಪಕ್ಷಿತಜ್ಞ ಫ್ರ್ಯಾಂಕ್ ಬೆಲ್‌ರೋಸ್ 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ಪ್ರತಿವರ್ಷ ಶೇಕಡಾ 2ರಿಂದ 3ರಷ್ಟು ಸೀಸದ ವಿಷದಿಂದಲೇ ಸಾಯುತ್ತಿವೆ ಎಂದು ಅಂದಾಜು ಮಾಡಿದ್ದರು. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ದೇಶದಾದ್ಯಂತ ನಿಷಿದ್ಧವಾಯಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನೇ ಪೂರ್ತಿ ಕೈಬಿಟ್ಟಿತು. ಯುರೋಪಿಯನ್ ಒಕ್ಕೂಟದ ಜೌಗುಭೂಮಿಗಳಲ್ಲಿ 2023ರ ಫೆಬ್ರವರಿಯಿಂದ ಅದಕ್ಕೆ ಅವಕಾಶವಿಲ್ಲ. ಬೇಟೆಯಾಡಿದ ಮಾಂಸವನ್ನು ಮಕ್ಕಳೂ ತಿನ್ನುತ್ತಾರೆ, ಸೀಸದ ಇಂತಿಷ್ಟು ಪ್ರಮಾಣ ನಿರಪಾಯಕರ ಎನ್ನಲು ಬರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನಗಂತೂ ಅದೊಂದೇ ಕಾರಣ ಸಾಕಾಗುತ್ತಿತ್ತು.

ಆದರೂ ನಮ್ಮ ಹಳೆಯ ಕೋವಿ ಸೀಸಕ್ಕಾಗಿಯೇ ಹುಟ್ಟಿದ ವಸ್ತು ಎಂಬುದನ್ನು ಮರೆಯುವಂತಿಲ್ಲ. ಅದರ ಬೋರಿನ ಲೆಕ್ಕವೇ ಸೀಸದ್ದು: ಒಂದು ಪೌಂಡ್ ಸೀಸವನ್ನು ಸಮತೂಕದ 12 ಗುಂಡುಗಳಾಗಿ ಎರಕ ಹೊಯ್ದರೆ, ಅಂಥ ಒಂದು ಗುಂಡು ಹಿಡಿಸುವ ನಳಿಗೆ 12 ಬೋರಿನದು, ಸುಮಾರು 18.5 ಮಿಲಿಮೀಟರು. ನಳಿಗೆಯ ಗೋಡೆ ಎಷ್ಟು ತೆಳ್ಳಗಿರಬಹುದು, ಬಾಯಿಯ ಬಳಿ ಎಷ್ಟು ಬಿಗಿಯಬಹುದು ಎಂದೆಲ್ಲ ನಿರ್ಧರಿಸಿದವರ ಕಣ್ಣೆದುರು ಇದ್ದದ್ದು ಉಗುರಿನಿಂದ ಗೀರಬಹುದಾದ ಮೆತ್ತನೆಯ ಲೋಹ. ಆ ಜಾಗಕ್ಕೆ ಇನ್ನೊಂದು ಲೋಹವನ್ನು ತರುವಾಗ ಎರಡು ಗುಣಗಳನ್ನು ನೋಡಬೇಕಾಗುತ್ತದೆ, ತೂಕ ಮತ್ತು ಗಟ್ಟಿತನ.

ಮೂರು ತೋಟಾಗಳನ್ನು ಆ ಹಿರಿಯರೇ ಬಿಚ್ಚಿ, ಚರೆಗಳನ್ನು ಅಡಿಗಲ್ಲಿನ ಮೇಲೆ ಉದುರಿಸಿದರು. ಸೀಸದ ಚರೆಗೆ ಸುತ್ತಿಗೆಯ ಒಂದು ಹಗುರಾದ ಏಟು ಬಿದ್ದದ್ದೇ ಅದು ಬಿಂದಿಯಂತೆ ಚಪ್ಪಟೆಯಾಯಿತು. ಬಿಸ್ಮತ್ ಚರೆ ಮೊದಲು ಸ್ವಲ್ಪ ಮಣಿದು, ಎರಡನೇ ಏಟಿಗೆ ಕಲ್ಲುಸಕ್ಕರೆಯ ಹಾಗೆ ಸೀಳಿತು; ಸೀಳಿದ ಮುಖದಲ್ಲಿ ಬೆಳ್ಳಗೆ ಮಿನುಗುವ ಹರಳುಗಳಿದ್ದವು. ಉಕ್ಕಿನದು ಏಟಿಗೆ ಚಿಮ್ಮಿ ಮೂಲೆಗೆ ಹಾರಿತು. ಹುಡುಕಿ ತಂದು ನೋಡಿದರೆ ಅದರ ದುಂಡು ಕೆಟ್ಟಿರಲೇ ಇಲ್ಲ. ಆಮೇಲೆ ಅಯಸ್ಕಾಂತವೊಂದನ್ನು ಹತ್ತಿರ ತಂದರು. ಉಕ್ಕಿನ ಚರೆಗಳು ಮಾತ್ರ ಎದ್ದು ಹೋಗಿ ಅಂಟಿಕೊಂಡವು. ತಾಮ್ರ ಅಥವಾ ನಿಕ್ಕಲ್ಲಿನ ಲೇಪವಿರುವ ಚರೆಯನ್ನು ಕಂಡು ಸೀಸವಲ್ಲವೆಂದು ಮೋಸಹೋಗುವವರಿದ್ದಾರೆ. ಲೇಪದ ಕೆಳಗಿರುವುದು ಸೀಸವೂ ಆಗಿರಬಹುದು, ಉಕ್ಕೂ ಆಗಿರಬಹುದು, ಆದ್ದರಿಂದ ಬಣ್ಣ ನೋಡಿ ನಂಬುವಂತಿಲ್ಲ.

ಉಕ್ಕಿನ ಚರೆ ಅಗ್ಗ, ಎಲ್ಲೆಡೆ ಸಿಗುತ್ತದೆ. ವಾಸ್ತವದಲ್ಲಿ ಅದು ಮೆದು ಕಬ್ಬಿಣ. ಆದರೂ ಸೀಸದ ಮುಂದೆ ಬಹಳ ಗಟ್ಟಿ. ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ ತೂಗಿದರೆ ಕಬ್ಬಿಣ 7.9 ಗ್ರಾಂ ಮಾತ್ರ. ಹಗುರಾದ ಚರೆ ಗಾಳಿಯಲ್ಲಿ ಬೇಗ ಸೋಲುವುದರಿಂದ ಎರಡು ನಂಬರು ದಪ್ಪನೆಯ ಚರೆ ತೆಗೆದುಕೊಳ್ಳಬೇಕೆಂಬ ಬಳಕೆಯ ಸೂತ್ರವಿದೆ. ಅಮೆರಿಕದ ಕ್ರಮದಲ್ಲಿ 17ರಿಂದ ಚರೆಯ ನಂಬರನ್ನು ಕಳೆದರೆ ಇಂಚಿನ ನೂರನೇ ಭಾಗಗಳಲ್ಲಿ ಅದರ ವ್ಯಾಸ ಸಿಗುತ್ತದೆ: 6ನೇ ನಂಬರು 0.11 ಇಂಚು, 4ನೇ ನಂಬರು 0.13 ಇಂಚು. 6ನೇ ನಂಬರಿನ ಸೀಸದ ಚರೆಯೊಂದು ಸುಮಾರು 0.13 ಗ್ರಾಂ ತೂಗುತ್ತದೆ, 4ನೇ ನಂಬರಿನ ಉಕ್ಕಿನದು ಸುಮಾರು 0.15 ಗ್ರಾಂ, ಸೂತ್ರ ಸರಿಯಾಗಿಯೇ ಇದೆ. ಬ್ರಿಟಿಷ್ ನಂಬರುಗಳು ಇದಕ್ಕೆ ಹೊಂದುವುದಿಲ್ಲವಾದ್ದರಿಂದ ಡಬ್ಬಿಯ ಮೇಲಿನ ಮಿಲಿಮೀಟರನ್ನೇ ಓದುವುದು ಒಳ್ಳೆಯದು.

ಗಟ್ಟಿತನವೇ ನಮ್ಮ ನಿಜವಾದ ತೊಡಕು. ಸೀಸದ ಚರೆಗಳ ಮುದ್ದೆ ಚೋಕಿನ ಇಕ್ಕಟ್ಟಿನಲ್ಲಿ ಹಾಯುವಾಗ ಒಂದಕ್ಕೊಂದು ಒತ್ತಿ, ಮಣಿದು, ದಾರಿ ಮಾಡಿಕೊಳ್ಳುತ್ತದೆ. ಉಕ್ಕು ಮಣಿಯುವುದಿಲ್ಲ, ಹಾಗಾಗಿ ಮಣಿಯಬೇಕಾಗಿ ಬರುವುದು ನಳಿಗೆ. ಹಳೆಯ ಜೋಡುನಳಿಗೆಯ ಎಡಗಡೆಯದು ಸಾಮಾನ್ಯವಾಗಿ ಫುಲ್ ಚೋಕ್, ಅಂದರೆ ಬಾಯಿಯ ಬಳಿ ಸುಮಾರು 1 ಮಿಲಿಮೀಟರು ಕಿರಿದು. ಅಂಥ ಕೋವಿಯಲ್ಲಿ ದಪ್ಪ ಉಕ್ಕಿನ ಚರೆ ಹಾರಿಸುತ್ತಾ ಹೋದರೆ ಚೋಕು ಶುರುವಾಗುವಲ್ಲಿ ಉಂಗುರದಂಥ ಉಬ್ಬು ಏಳಬಹುದು, ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಯ ಬೆಸುಗೆ ಬಿಡಬಹುದು. ಹೀಗಾದ ಕೋವಿಯೊಂದನ್ನು ಅದೇ ಕೊಠಡಿಯಲ್ಲಿ ನೋಡಿದೆ. ಹೊರಗಿನಿಂದ ಬೆರಳಾಡಿಸಿದರೆ ಇರುವೆಯಷ್ಟು ಏರು ಸಿಗುತ್ತಿತ್ತು, ಅಷ್ಟೇ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟಾಗ, ಒಂದರೊಳಗೊಂದು ಸೇರಿದ ಬಳೆಗಳಂತೆ ಆಳಕ್ಕೆ ಇಳಿಯಬೇಕಾದ ಬೆಳಕಿನ ಉಂಗುರಗಳು ಬಾಯಿಯ ಹತ್ತಿರ ತಟ್ಟನೆ ಕಲಕಿ, ಅಲ್ಲೊಂದು ಕಪ್ಪು ವರ್ತುಲ ನಿಂತಿತ್ತು.

ಯುರೋಪಿನ ಪ್ರೂಫ್ ಮಂಡಳಿಗಳ ಒಕ್ಕೂಟವಾದ ಸಿಐಪಿ ಉಕ್ಕಿನ ತೋಟಾಗಳನ್ನು ಎರಡು ಬಗೆಯಾಗಿ ವಿಂಗಡಿಸಿದೆ. 12 ಬೋರಿಗೆ ಸಾಧಾರಣ ಬಗೆಯದು 740 ಬಾರ್ ಒತ್ತಡದೊಳಗೆ ಇರುತ್ತದೆ, ಅದರ ಚರೆಯ ದಪ್ಪಕ್ಕೂ ಮಿತಿಯಿದೆ. ಹೆಚ್ಚು ಶಕ್ತಿಯದು 1050 ಬಾರ್‌ವರೆಗೆ ಹೋಗುತ್ತದೆ. ಈ ಎರಡನೆಯದನ್ನು, ಉಕ್ಕಿನ ಚರೆಗೆ ಪ್ರತ್ಯೇಕವಾಗಿ ಪರೀಕ್ಷೆಯಾಗಿ ಫ್ಲ್ಯೂರ್-ಡಿ-ಲಿ ಎಂಬ ಹೂವಿನಾಕಾರದ ಮುದ್ರೆ ಪಡೆದ ಕೋವಿಗಳಲ್ಲಿ ಮಾತ್ರ ಬಳಸಬೇಕು. ನಮ್ಮ ಅಜ್ಜಂದಿರ ಕಾಲದ ಕೋವಿಗಳಲ್ಲಿ ಆ ಹೂವು ಇರುವುದಿಲ್ಲ. ಸಾಧಾರಣ ಬಗೆಯ ಉಕ್ಕಿನ ತೋಟಾವನ್ನು, ನೈಟ್ರೋ ಪರೀಕ್ಷೆಯಾದ, ಚೋಕು ಸಡಿಲವಾದ, ಗೋಡೆ ದಪ್ಪವಾದ, ಗೂಡಿನ ಉದ್ದ ಹೊಂದುವ ಹಳೆಯ ಕೋವಿಯಲ್ಲಿ ಬಳಸುವವರಿದ್ದಾರೆ, ಪರಿಣತರೇ ಪರೀಕ್ಷಿಸಿ ಒಪ್ಪಿದ್ದರೆ ಅದನ್ನು ತಪ್ಪೆನ್ನಲಾರೆ. ನನ್ನ ಕೋವಿಯ ಗೋಡೆಯನ್ನು ಅಳತೆಯ ಸಲಕರಣೆ ಹಾಕಿ ತುದಿಯಿಂದ ತುದಿಗೆ ಅಳೆದಾಗ ಎಡ ನಳಿಗೆ ಒಂದು ಕಡೆ ಇಂಚಿನ ಸಾವಿರದಲ್ಲಿ 22 ಭಾಗಕ್ಕೆ ಇಳಿದಿತ್ತು. 20ಕ್ಕಿಂತ ಕೆಳಗಿಳಿದರೆ ಬಳಸಬಾರದೆಂಬುದು ಈ ಕಸುಬಿನವರ ವಾಡಿಕೆಯ ಮಾತು. ಮೇಲಾಗಿ ಅದು ಫುಲ್ ಚೋಕು. ಉಕ್ಕಿನ ಆಸೆಯನ್ನು ನಾನು ಅಲ್ಲಿಗೇ ಬಿಟ್ಟೆ. ಚೋಕನ್ನು ಕೊರೆದು ಸಡಿಲಗೊಳಿಸಬಹುದಿತ್ತು. ಕೊರೆದದ್ದನ್ನು ಮತ್ತೆ ತುಂಬಿಸಲು ಬರುವುದಿಲ್ಲ ಎಂಬ ಕಾರಣಕ್ಕೆ ಮನಸ್ಸು ಒಪ್ಪಲಿಲ್ಲ. ಗೂಡನ್ನು 70 ಮಿಲಿಮೀಟರಿಗೆ ಕೊರೆಸುವ ಸಲಹೆಯೂ ಬಂದಿತ್ತು. ಲೋಹ ದಪ್ಪವಾಗಿರಲೇಬೇಕಾದ ಜಾಗದಲ್ಲೇ ಅದನ್ನು ತೆಳ್ಳಗೆ ಮಾಡುವ ಆ ಕೆಲಸವನ್ನು ಮರುಪರೀಕ್ಷೆಯಿಲ್ಲದೆ ಮಾಡಿಸುವುದು ಶುದ್ಧ ಅಪಾಯ.

ಟಂಗ್‌ಸ್ಟನ್ ಎಂಬ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ಅಲ್ಲ. ಟಂಗ್‌ಸ್ಟನ್ ಪುಡಿಯನ್ನು ಪ್ಲಾಸ್ಟಿಕ್ಕಿನಂಥ ಅಂಟಿನಲ್ಲಿ ಕಲಸಿ ಮಾಡುವ ಮ್ಯಾಟ್ರಿಕ್ಸ್ ಚರೆ ಮೆದು, ತೂಕದಲ್ಲಿ ಸೀಸಕ್ಕೆ ಬಹಳ ಹತ್ತಿರ, ಹಳೆಯ ಕೋವಿಗೆ ಹೇಳಿ ಮಾಡಿಸಿದ್ದು. ಟಿಎಸ್‌ಎಸ್ (ಟಂಗ್‌ಸ್ಟನ್ ಸೂಪರ್ ಶಾಟ್) ಎಂಬುದು ಘನ ಸೆಂಟಿಮೀಟರಿಗೆ 18 ಗ್ರಾಂ ತೂಗುವ, ಉಕ್ಕಿಗಿಂತಲೂ ಗಟ್ಟಿಯಾದ ಚರೆ; ಹಳೆಯ ನಳಿಗೆಯ ಹತ್ತಿರ ಅದನ್ನು ಸುಳಿಯಗೊಡಬಾರದು. ತವರ ತೀರ ಹಗುರ. ಸತು ಸೀಸವಲ್ಲದಿದ್ದರೂ ಹಕ್ಕಿಗಳಿಗೆ ಅದೂ ವಿಷವೇ.

ಕೊನೆಗೆ ನಾನು ಆರಿಸಿಕೊಂಡದ್ದು ಬಿಸ್ಮತ್. ಸೀಸದ ಅದಿರನ್ನು ಶುದ್ಧಗೊಳಿಸುವಾಗಲೇ ಬಹುಪಾಲು ಹೊರಬರುವ ಈ ಲೋಹ, ರಸಾಯನದ ಕೋಷ್ಟಕದಲ್ಲಿ ಸೀಸದ ಪಕ್ಕದ ಮನೆಯದಾದರೂ, ಹೊಟ್ಟೆನೋವಿನ ಔಷಧಿಗಳಲ್ಲಿ ಬಳಕೆಯಾಗುವಷ್ಟು ಸಾಧು. ಸ್ವಲ್ಪ ತವರ ಬೆರೆಸಿದ ಚರೆ ಘನ ಸೆಂಟಿಮೀಟರಿಗೆ ಸುಮಾರು 9.6 ಗ್ರಾಂ ತೂಗುತ್ತದೆ, ಆದ್ದರಿಂದ ಸೀಸಕ್ಕಿಂತ ಒಂದೇ ನಂಬರು ದಪ್ಪ ತೆಗೆದುಕೊಂಡರೆ ಸಾಲುತ್ತದೆ. ಸೀಸಕ್ಕೆ ಹೊಂದುವ ಚೋಕೇ ಅದಕ್ಕೂ ಹೊಂದುತ್ತದೆ. 65 ಮಿಲಿಮೀಟರಿನ ತೋಟಾಗಳು ಸಿಗುತ್ತವೆ. ಉಕ್ಕಿನ ಚರೆಯಿಂದ ನಳಿಗೆಯನ್ನು ಕಾಪಾಡಲು ದಪ್ಪ ಬಟ್ಟಲು ಬೇಕು, ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದಾದ ಆ ಬಟ್ಟಲು ಪ್ರತಿ ಈಡಿಗೂ ಹೊಲದಲ್ಲೋ ನೀರಿನಲ್ಲೋ ಉಳಿಯುತ್ತದೆ. ಬಿಸ್ಮತ್ತಿಗೆ ನಾರಿನ ವಾಡ್ (ಮದ್ದಿಗೂ ಚರೆಗೂ ನಡುವೆ ಇಡುವ ಬಿರಡೆ) ಸಾಕು. ಸೀಸ ಬಿಟ್ಟು ಪ್ಲಾಸ್ಟಿಕ್ ಬಿತ್ತುವುದರಲ್ಲಿ ನನಗೆ ಸಮಾಧಾನವಿರಲಿಲ್ಲವಾದ್ದರಿಂದ ಇದು ನನ್ನ ಪಾಲಿಗೆ ದೊಡ್ಡ ಮಾತು. ಬೆಲೆ ಉಕ್ಕಿನ ಹಲವು ಪಟ್ಟು. ಆದರೆ ಒಂದು ಋತುವಿನಲ್ಲಿ ನಾನು ಹಾರಿಸುವ ತೋಟಾಗಳನ್ನು ಎರಡು ಡಬ್ಬಿಗಳಲ್ಲಿ ಮುಗಿಸಬಹುದು.

ಚರೆಯ ಭಾರದಲ್ಲೂ ಕೋವಿಯ ಮಾತು ಕೇಳಬೇಕು. ಹಾರುವ ಚರೆಯ 96 ಪಟ್ಟು ತೂಕ ಕೋವಿಗಿರಬೇಕು ಎಂಬ ಹಳೆಯ ಸೂತ್ರವನ್ನು ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಗ್ರೀನರ್ ಹೆಸರಿನಲ್ಲಿ ಹೇಳುತ್ತಾರೆ. ನನ್ನ ಕೋವಿ 2.8 ಕಿಲೋ ಇರುವುದರಿಂದ 28 ಗ್ರಾಂ ಚರೆ ಅದಕ್ಕೆ ಹಿತ. 36 ಗ್ರಾಂ ತುಂಬಿದರೆ ಭುಜಕ್ಕೆ ಒದೆತ ಹೆಚ್ಚುವುದಷ್ಟೇ ಅಲ್ಲ, ಎಣ್ಣೆ ಕುಡಿದು ಕುಡಿದು ಮೆತ್ತಗಾದ ಹಳೆಯ ಮರದ ಹಿಡಿ ಕೂಡುವ ಜಾಗದಲ್ಲಿ ಸೀಳಬಹುದು.

ಹೊಸ ತೋಟಾ ಬಂದ ಮೇಲೆ ಮೊದಲು ಗುಂಡು ಹೊಡೆದದ್ದು ಕಾಗದಕ್ಕೆ. ಸಾಂಪ್ರದಾಯಿಕ ಪರೀಕ್ಷೆ 40 ಗಜಕ್ಕೆ, 30 ಇಂಚಿನ ವೃತ್ತದೊಳಗೆ: ಅಷ್ಟು ದೂರದಲ್ಲಿ ಫುಲ್ ಚೋಕ್ ಶೇಕಡಾ 70ರಷ್ಟು, ಹಾಫ್ ಚೋಕ್ 60ರಷ್ಟು ಚರೆಯನ್ನು ವೃತ್ತದೊಳಗೆ ಇರಿಸಬೇಕು. ನಾನು 40 ಗಜಕ್ಕೂ 30 ಗಜಕ್ಕೂ ಹೊಡೆದು, ಪ್ರತಿ ತೂತನ್ನೂ ಪೆನ್ಸಿಲಿನಿಂದ ಗುರುತು ಮಾಡುತ್ತಾ ಎಣಿಸಿದೆ. ಒಂದು ಸಂಜೆ ಪೂರ್ತಿ ಹಿಡಿಯಿತು. 30 ಗಜದಲ್ಲಿ ಎರಡೂ ನಳಿಗೆಗಳ ತೂತುಗಳು ಒತ್ತೊತ್ತಾಗಿ, ಸಮನಾಗಿ ಹರಡಿದ್ದವು. 40 ಗಜದ ಕಾಗದದಲ್ಲಿ ಹಕ್ಕಿಯೊಂದು ನುಸುಳಿಹೋಗುವಷ್ಟು ಬಯಲುಗಳಿದ್ದವು, ಅಂಚಿನಲ್ಲಿ ದುಂಡಗಿಲ್ಲದ, ಹರಿದಂಥ ಕೆಲವು ಗುರುತುಗಳಿದ್ದವು. ಅಡಿಗಲ್ಲಿನ ಮೇಲೆ ಸೀಳಿದ್ದ ಆ ಚರೆ ನೆನಪಾಯಿತು. ಬಿಸ್ಮತ್ ನಳಿಗೆಯಲ್ಲೂ ಆಗೊಮ್ಮೆ ಈಗೊಮ್ಮೆ ಒಡೆಯುತ್ತದೆ. ಗಾಯಗೊಂಡು ಕಣ್ಮರೆಯಾಗುವ ಹಕ್ಕಿ ಸೀಸ ತಿಂದು ಸಾಯುವ ಹಕ್ಕಿಗಿಂತ ಕಡಿಮೆ ನರಳುವುದಿಲ್ಲವಾದ್ದರಿಂದ, ಈ ಕೋವಿ ಹೆಗಲಿಗಿರುವ ದಿನ 30 ಗಜದಾಚೆಯ ಹಕ್ಕಿಗೆ ಈಡು ಹೊಡೆಯುವುದಿಲ್ಲ ಎಂದು ಆ ಸಂಜೆಯೇ ನಿಶ್ಚಯಿಸಿಕೊಂಡೆ. ದೊಡ್ಡಪ್ಪ ಇನ್ನೂ ದೂರಕ್ಕೆ ಹೊಡೆಯುತ್ತಿದ್ದರು. ಹಾಗೆ ದೂರಕ್ಕೆ ಹೊಡೆಯುವುದನ್ನು ನಾನು ಬಿಟ್ಟ ಮೇಲೆ ಕಾಯುವುದು ಹೆಚ್ಚಾಗಿದೆ, ತೋಟಾ ಖರ್ಚು ಕಡಿಮೆಯಾಗಿದೆ.

ಇನ್ನೊಂದು ಎಚ್ಚರಿಕೆ: ಜೇಬಿನಲ್ಲಿ ತೋಟಾಗಳು ಬೆರೆಯಬಾರದು. 20 ಬೋರಿನ ತೋಟಾ 12 ಬೋರಿನ ಗೂಡಿನಲ್ಲಿ ಜಾರಿ ಮುಂದೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿ ಕಂಡು ಅದರ ಹಿಂದೆ 12 ಬೋರಿನದನ್ನು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರಿನ ತೋಟಾಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದಕ್ಕಾಗಿಯೇ. ಉಕ್ಕಿನದು, ಬಿಸ್ಮತ್ತಿನದು, 65ರದು, 70ರದು ಎಲ್ಲವೂ ಒಂದೇ ಬಣ್ಣದಲ್ಲಿ ಬರಬಹುದಾದ್ದರಿಂದ, ಕೋವಿಯ ಪೆಟ್ಟಿಗೆಯ ಮುಚ್ಚಳದ ಒಳಗೆ ಚೀಟಿಯೊಂದನ್ನು ಅಂಟಿಸಿದ್ದೇನೆ: 12 ಬೋರ್, 65 ಮಿಲಿಮೀಟರು, 28 ಗ್ರಾಂ, ಬಿಸ್ಮತ್, ನಾರಿನ ವಾಡ್, ಉಕ್ಕು ಬೇಡ. ಅದರ ಕೆಳಗೆ ಎಡ ನಳಿಗೆಯ ಗೋಡೆಯ ಅಳತೆ, ಅಳೆದ ತಾರೀಖು. ತಾರೀಖಿನ ಮುಂದೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಈ ಋತು ಮುಗಿದ ಮೇಲೆ ಮತ್ತೊಮ್ಮೆ ಅಳೆಸಬೇಕು.